ಒಂದೇ ಉಸಿರಿಗೆ ಎಷ್ಟು ಎಣಿಸಿದರು: ಜಿಬಿಎಸ್‌ನ 45 ದಿನ

ಭಾವ 45ನೇ ದಿನಕ್ಕೆ ಮನೆಗೆ ಬಂದಿದ್ದಾರೆ. ಕಾಯಿಲೆ ಗಿಲನ್ ಬಾರೆ ಸಿಂಡ್ರೋಮ್, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿಬೀಳುವುದು. ವಾರ್ಡಿನಲ್ಲಿ ಎಲ್ಲರೂ ಜಿಬಿಎಸ್ ಅಂತಲೇ ಹೇಳುತ್ತಾರೆ. ಕಾಲಿನ ಜೋಮಿನಿಂದ ಶುರುವಾದದ್ದು ಐದನೇ ದಿನಕ್ಕೆ ವೆಂಟಿಲೇಟರ್‌ಗೆ ಮುಟ್ಟಿತು. ಇದೇ ದಾರಿಯಲ್ಲಿ ಓಡಾಡುತ್ತಿರುವವರಿಗೆ ಉಪಯೋಗವಾಗಲಿ ಅಂತ, ಕಾಗದಪತ್ರದಿಂದ ಹಿಡಿದು ಕಫ ಎಳೆಯುವ ನಳಿಕೆಯವರೆಗೆ, ಆದದ್ದು ಆದ ಹಾಗೆ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನರದ ಕಾಯಿಲೆಯಲ್ಲಿ ಉಸಿರು ಕೆಡುವುದು ಆಸ್ತಮಾ, ನ್ಯುಮೋನಿಯಾದ ಹಾಗಲ್ಲ. ಶ್ವಾಸಕೋಶ ಚೆನ್ನಾಗಿಯೇ ಇರುತ್ತದೆ, ಅದನ್ನು ಹಿಗ್ಗಿಸುವ ಸ್ನಾಯುವಿಗೆ ಆಜ್ಞೆ ಮುಟ್ಟುವುದಿಲ್ಲ. ಹಾಗಾಗಿ ಗೊರಗೊರ ಶಬ್ದವಿಲ್ಲ, ಎದೆಯ ಎಕ್ಸ್‌ರೇಯಲ್ಲಿ ಏನೂ ಇಲ್ಲ, ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 98 ತೋರಿಸುತ್ತಲೇ ಇರುತ್ತದೆ. ಅದು 90ಕ್ಕೆ ಇಳಿಯಲಿ ಅಂತ ಕಾದರೆ ಕಾಲ ಮಿಂಚಿರುತ್ತದೆ.

ಬೀಗರ ಊಟ ಮುಗಿದ ಮೇಲೆ ಎರಡು ದಿನ ಭೇದಿ ಆಗಿತ್ತು, ನಿಂತಿತ್ತು. ಅದಾಗಿ ಹತ್ತು ದಿನಕ್ಕೆ ಎರಡೂ ಪಾದದಲ್ಲಿ ಜೋಮು. ಅದನ್ನೇ ಒಂದನೇ ದಿನ ಅಂತ ಲೆಕ್ಕ ಹಾಕಿ. ಎರಡನೇ ದಿನ ನಡೆಯುವಾಗ ಹವಾಯಿ ಚಪ್ಪಲಿ ಕಾಲಿನಿಂದ ಜಾರಿಹೋಗುತ್ತಿತ್ತು, ಭಾವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಮೂರನೇ ದಿನ ಕಕ್ಕಸಿನಲ್ಲಿ ಕುಕ್ಕರಗಾಲಿನಲ್ಲಿ ಕೂತವರು ಏಳಲಾಗದೆ ಗೋಡೆ ಹಿಡಿದರು. ಹತ್ತಿರದ ಕ್ಲಿನಿಕ್‌ನಲ್ಲಿ ಬಿ12 ಸೂಜಿ ಹಾಕಿ ಕಳಿಸಿದರು. ನಾಲ್ಕನೇ ದಿನ ಬೆಳಿಗ್ಗೆ ಕಾಫಿ ಕುಡಿದರೆ ಮೂಗಿನಲ್ಲಿ ಬಂತು, ಮಾತು ಮೂಗಿನಲ್ಲೇ ಹೊರಡುತ್ತಿತ್ತು. ಆಗ ತಾಲ್ಲೂಕಿನ ನರ್ಸಿಂಗ್ ಹೋಮಿಗೆ ಹೋದೆವು.

ಅಲ್ಲಿ ಡ್ಯೂಟಿ ಡಾಕ್ಟರ್ ಮೊದಲು ಕೇಳಿದ ಎರಡು ಪ್ರಶ್ನೆ ವಿಚಿತ್ರ ಅನ್ನಿಸಿತು. "ಹಾವು ಕಚ್ಚಿತ್ತಾ? ತೋಟಕ್ಕೆ ಔಷಧ ಹೊಡೆದಿದ್ರಾ?" ಆಮೇಲೆ ಅರ್ಥವಾಯಿತು, ನಮ್ಮ ಕಡೆ ಇದು ಕೇಳಲೇಬೇಕಾದ ಪ್ರಶ್ನೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಟ್ಟು ಹಾವು ಕಚ್ಚಿದರೆ ಗಾಯವೇ ಕಾಣದೆ ಬೆಳಿಗ್ಗೆ ರೆಪ್ಪೆ ಜೋತು, ಉಸಿರಿನ ಸ್ನಾಯು ಸೋಲುತ್ತದೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಮೈಗೆ ಸೇರಿದರೆ ಒಂದರಿಂದ ನಾಲ್ಕು ದಿನ ಬಿಟ್ಟು ಕತ್ತು ಮತ್ತು ಉಸಿರು ಎರಡೂ ಸೋಲಬಹುದು. ಪೊಟ್ಯಾಸಿಯಂ ಇಳಿದರೂ ಕೈಕಾಲು ಬೀಳುತ್ತವೆ. ಈ ಮೂರನ್ನೂ ಪಕ್ಕಕ್ಕಿಟ್ಟ ಮೇಲೆಯೇ ಜಿಬಿಎಸ್ ಕಡೆ ತಿರುಗುವುದು. ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರು, ಕಾಲು ಅಲುಗಲಿಲ್ಲ. ಇದೇ ದೊಡ್ಡ ಸುಳಿವು: ಬಲವೂ ಇಲ್ಲ, ಪ್ರತಿವರ್ತನೆಯೂ ಇಲ್ಲ, ಎರಡೂ ಕಡೆ ಸಮ.

ಅಲ್ಲೇ ಒಂದು ಎಡವಟ್ಟು ಆಯಿತು. "ಆಕ್ಸಿಜನ್ 98 ಇದೆ, ಗಾಬರಿ ಬೇಡ, ನಾಳೆ ನರರೋಗ ತಜ್ಞರಿಗೆ ತೋರಿಸಿ" ಅಂದರು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಪರಿಚಯದ ಡಾಕ್ಟರಿಗೆ ಫೋನ್ ಹಚ್ಚಿ ಕೊಟ್ಟ. ಅವರು ಆಕ್ಸಿಜನ್ ಎಷ್ಟು ಅಂತ ಕೇಳಲೇ ಇಲ್ಲ. "ದಿಂಬಿನಿಂದ ತಲೆ ಎತ್ತುತ್ತಾರಾ? ಒಂದೇ ಉಸಿರಿಗೆ ಎಷ್ಟರವರೆಗೆ ಎಣಿಸುತ್ತಾರೆ?" ಅಷ್ಟೇ. ತಲೆ ಎತ್ತಲು ಆಗಲಿಲ್ಲ. "ಈಗಲೇ ಹೊರಡಿ, ನಾಳೆಗೆ ಇಡಬೇಡಿ" ಅಂದರು.

ಕತ್ತಿಗೂ ಉಸಿರಿಗೂ ಏನು ಸಂಬಂಧ? ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಉಸಿರಿನ ಮುಖ್ಯ ಸ್ನಾಯು. ಅದಕ್ಕೆ ಹೋಗುವ ಫ್ರೆನಿಕ್ ನರ ಹೊರಡುವುದು ಕತ್ತಿನಲ್ಲಿ, ಬೆನ್ನುಹುರಿಯ 3, 4, 5ನೇ ಮಟ್ಟದಿಂದ. ಕತ್ತನ್ನು ಮುಂದೆ ಬಾಗಿಸುವ ಸ್ನಾಯುಗಳ ನರಗಳೂ ಹೆಚ್ಚುಕಡಿಮೆ ಅಲ್ಲಿಂದಲೇ ಬರುತ್ತವೆ. ತಲೆ ಎತ್ತಲು ಆಗದವರ ವಪೆಯೂ ಸೋಲುತ್ತಿದೆ ಅಂತಲೇ ಇಟ್ಟುಕೊಳ್ಳಬೇಕು.

ಎಣಿಕೆ ಮಾಡಿಸುವ ವಿಧಾನ ಹೀಗೆ. ಬೆನ್ನು ನೇರ ಕೂರಿಸಿ, ಎದೆ ತುಂಬ ಉಸಿರು ಎಳೆಸಿ, ನಡುವೆ ಉಸಿರು ತೆಗೆದುಕೊಳ್ಳದೆ ಗಟ್ಟಿಯಾಗಿ ಎಣಿಸಲು ಹೇಳಿ. ವೇಗ ಸೆಕೆಂಡಿಗೆ ಎರಡು ಅಂಕಿ. ಆರೋಗ್ಯವಂತರು ಈ ವೇಗದಲ್ಲಿ 40-50ರ ಆಸುಪಾಸಿಗೆ ಹೋಗುತ್ತಾರೆ. 20ಕ್ಕಿಂತ ಕೆಳಗೆ ಬಂದರೆ ಐಸಿಯು ಇರುವ ಕಡೆ ಇರಬೇಕು, 10ರ ಹತ್ತಿರ ಬಂದರೆ ವೆಂಟಿಲೇಟರಿಗಾಗಿ ಗಂಟಲಿಗೆ ನಳಿಕೆ ಹಾಕುವ ಹೊತ್ತು. ಒಂದು ಸೂಕ್ಷ್ಮ ಇದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ: ಇಂಗ್ಲಿಷಿನ ಅಂಕಿಗಳು ಚಿಕ್ಕವು, ಕನ್ನಡದಲ್ಲಿ ಇಪ್ಪತ್ತು ದಾಟಿದ ಮೇಲೆ ಇಪ್ಪತ್ತೊಂದು, ಇಪ್ಪತ್ತೆರಡು ಅಂತ ಬಾಯಿ ತುಂಬ ಬರುತ್ತವೆ. ಬೆಳಿಗ್ಗೆ ಒಬ್ಬ ನರ್ಸ್ ಇಂಗ್ಲಿಷಿನಲ್ಲಿ, ಸಂಜೆ ಇನ್ನೊಬ್ಬರು ಕನ್ನಡದಲ್ಲಿ ಎಣಿಸಿದರೆ ಸುಮ್ಮಸುಮ್ಮನೆ ಇಳಿದಂತೆ ಕಾಣುತ್ತದೆ. ಯಾವುದಾದರೂ ಒಂದು ಭಾಷೆ ಹಿಡಿಯಿರಿ, ಹೊತ್ತಿನ ಜೊತೆ ಕಾಗದದ ಮೇಲೆ ಬರೆಯಿರಿ. ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ, ಅದು ಎಷ್ಟು ಬೇಗ ಇಳಿಯುತ್ತಿದೆ ಅನ್ನುವುದೇ ಮುಖ್ಯ.

ಪ್ರಯಾಣದ ಬಗ್ಗೆ. ಸಾಮಾನ್ಯ ಆಂಬುಲೆನ್ಸ್ ಬೇಡ, ಅಂಬು ಬ್ಯಾಗ್ (ಕೈಯಲ್ಲಿ ಹಿಂಡಿ ಉಸಿರು ಕೊಡುವ ಚೀಲ), ಸಕ್ಷನ್ (ಕಫ ಎಳೆಯುವ ಯಂತ್ರ) ಮತ್ತು ನಳಿಕೆ ಹಾಕಬಲ್ಲವರು ಇರುವ ಗಾಡಿಯೇ ಬೇಕು. 108ಕ್ಕೆ ಕರೆ ಮಾಡುವಾಗ "ಉಸಿರಿನ ಸ್ನಾಯು ಸೋಲುತ್ತಿದೆ, ವೆಂಟಿಲೇಟರ್ ಇರುವ ಗಾಡಿ" ಅಂತ ಬಿಡಿಸಿ ಹೇಳಿ. ಹೊರಡುವ ಮೊದಲು ಹೋಗುವ ಆಸ್ಪತ್ರೆಗೆ ಫೋನ್ ಮಾಡಿ ವೆಂಟಿಲೇಟರ್ ಬೆಡ್ ಇದೆಯೇ, ಜಿಬಿಎಸ್‌ನ ಚಿಕಿತ್ಸೆಗಳಾದ ಐವಿಐಜಿ ಅಥವಾ ಪ್ಲಾಸ್ಮಾ ಬದಲಾವಣೆ (ಎರಡನ್ನೂ ಮುಂದೆ ವಿವರಿಸಿದ್ದೇನೆ) ಮಾಡುತ್ತಾರೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ದಾರಿಯಲ್ಲಿ ಪೂರ್ತಿ ಮಲಗಿಸಬೇಡಿ, ತಲೆಯ ಕಡೆ ಎತ್ತರ ಇರಲಿ. ವಪೆ ಸೋತವರನ್ನು ಅಂಗಾತ ಮಲಗಿಸಿದರೆ ಹೊಟ್ಟೆಯ ಭಾರ ಮೇಲೆ ಒತ್ತಿ ಉಸಿರು ಇನ್ನೂ ಕಡಿಮೆಯಾಗುತ್ತದೆ. ಬಾಯಿಗೆ ಏನೂ ಹಾಕಬೇಡಿ. ನಮ್ಮ ನೆಂಟರೊಬ್ಬರು ಸುಸ್ತಿಗೆ ಅಂತ ಎಳನೀರು ಕುಡಿಸಲು ಹೋಗಿ ಭಾವನಿಗೆ ನೆತ್ತಿಗೇರಿತು. ಕೆಮ್ಮಲು ಶಕ್ತಿ ಇಲ್ಲದವರಿಗೆ ನೆತ್ತಿಗೇರಿದ ಒಂದು ಗುಟುಕೂ ನ್ಯುಮೋನಿಯಾ ತರಬಹುದು.

ರಾತ್ರಿ 10ಕ್ಕೆ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯು. ಎಣಿಕೆ 24. ಪಕ್ಕದಲ್ಲೇ ಉಸಿರಿನ ಗಾಳಿ ಅಳೆಯುವ ಸಣ್ಣ ಸ್ಪೈರೋಮೀಟರ್ ಇಟ್ಟು ಊದಿಸಿದರು, 2.4 ಲೀಟರ್. ಬೆಳಗಿನ ಜಾವ 4ಕ್ಕೆ 20 ಮತ್ತು 2.0. ಬೆಳಿಗ್ಗೆ 10ಕ್ಕೆ 15 ಮತ್ತು 1.6. ಮಧ್ಯಾಹ್ನ 2ಕ್ಕೆ 11 ಮತ್ತು 1.2. ಆ ಹದಿನಾರು ಗಂಟೆಯೂ ಮಾನಿಟರಿನಲ್ಲಿ ಆಕ್ಸಿಜನ್ 97-98. ಮುಖದ ಸ್ನಾಯು ಸೋತವರಿಗೆ ತುಟಿ ಬಿಗಿಯಾಗಿ ಮುಚ್ಚಲು ಬಾರದೆ ಗಾಳಿ ಪಕ್ಕದಲ್ಲಿ ಸೋರಿ ಅಂಕಿ ಸುಳ್ಳಾಗುತ್ತದೆ. ಅಂಥವರಿಗೆ ಬಾಯಿಗಿಡುವ ಕೊಳವೆಯ ಬದಲು ಮಾಸ್ಕ್ ಜೋಡಿಸಿ ಅಳೆಯಬೇಕು, ಕೇಳಿ ಮಾಡಿಸಿಕೊಳ್ಳಿ.

ಐಸಿಯುನವರು 20-30-40 ಅನ್ನುವ ಸೂತ್ರ ಇಟ್ಟುಕೊಂಡಿದ್ದರು. ಪೂರ್ತಿ ಎಳೆದು ಹೊರಬಿಡುವ ಗಾಳಿ ದೇಹದ ತೂಕದ ಕಿಲೋಗೆ 20 ಮಿಲಿಗಿಂತ ಕಡಿಮೆ, ಒಳಗೆ ಎಳೆಯುವ ಒತ್ತಡ 30 ಸೆಂ.ಮೀ. ನೀರಿಗಿಂತ ಕಡಿಮೆ, ಹೊರಗೆ ಊದುವ ಒತ್ತಡ 40ಕ್ಕಿಂತ ಕಡಿಮೆ ಆದರೆ ವೆಂಟಿಲೇಟರ್. ಶುರುವಿನ ಅಂಕಿಗಿಂತ ಶೇ 30ರಷ್ಟು ಇಳಿದರೂ ಅದೇ ಎಚ್ಚರಿಕೆ. ಭಾವನ ತೂಕ 62 ಕಿಲೋ, ಅಂದರೆ ಗಡಿ 1,240 ಮಿಲಿ. ಮಧ್ಯಾಹ್ನ 2ರ ಅಂಕಿ ಅದನ್ನು ದಾಟಿ ಕೆಳಗಿಳಿದಿತ್ತು. ಹಾಗಾಗಿ ತೂಕ ಅಂದಾಜಿಗೆ ಹೇಳಬೇಡಿ. ಉಸಿರಿನ ಗಡಿಯೂ ಔಷಧದ ಪ್ರಮಾಣವೂ ಅದರ ಮೇಲೇ ನಿಂತಿವೆ.

ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ 35ರಿಂದ 45ರ ಒಳಗಿರಬೇಕು. ಬೆಳಿಗ್ಗೆ 38 ಇದ್ದದ್ದು ಮಧ್ಯಾಹ್ನ 47. ಇದು ಏರುವುದೂ ತಡವಾಗಿಯೇ. ಇಷ್ಟರಲ್ಲಿ ಯಾರಾದರೂ ಮೂಗಿಗೆ ಆಕ್ಸಿಜನ್ ಕೊಟ್ಟಿದ್ದರೆ ಆಕ್ಸಿಮೀಟರ್ 100 ತೋರಿಸುತ್ತಿತ್ತು, ಒಳಗೆ ಗಾಳಿ ಆಡದೆ ಇಂಗಾಲ ತುಂಬುತ್ತಿರುವುದು ಮುಚ್ಚಿಹೋಗುತ್ತಿತ್ತು. ಹಾಸಿಗೆಯ ಪಕ್ಕ ನಿಂತು ಕಣ್ಣಲ್ಲೇ ಕಾಣುವ ಒಂದು ಚಿಹ್ನೆ ಇದೆ: ಉಸಿರು ಎಳೆದಾಗ ಹೊಟ್ಟೆ ಉಬ್ಬಬೇಕು. ಭಾವನ ಹೊಟ್ಟೆ ಒಳಕ್ಕೆ ಹೋಗುತ್ತಿತ್ತು. ಹಣೆಯಲ್ಲಿ ಬೆವರು, ಎರಡು ಪದಕ್ಕೊಮ್ಮೆ ನಿಲ್ಲಿಸಿ ಮಾತು, ಬಾಯಲ್ಲಿ ಜೊಲ್ಲು ನಿಲ್ಲುವುದು. ಇಷ್ಟು ಸಾಕು.

"ಮೂಗಿಗೆ ಮಾಸ್ಕ್ ಹಾಕೋ ಬೈಪ್ಯಾಪ್ ಸಾಲದಾ, ಗಂಟಲಿಗೆ ನಳಿಕೆ ಬೇಕಾ?" ಅಂತ ಅಕ್ಕ ಕೇಳಿದಳು. ಜಿಬಿಎಸ್‌ನಲ್ಲಿ ಸಾಮಾನ್ಯವಾಗಿ ಸಾಲದು. ನುಂಗಲಾಗದ ಜೊಲ್ಲು ಮಾಸ್ಕಿನ ಗಾಳಿಯ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಸೋಲು ವಾರಗಟ್ಟಲೆ ನಡೆಯುತ್ತದೆ. ನಡುರಾತ್ರಿ ಉಸಿರು ನಿಂತು ತರಾತುರಿಯಲ್ಲಿ ಹಾಕುವುದಕ್ಕಿಂತ ಹಗಲಲ್ಲಿ ಎಲ್ಲ ಅಣಿಮಾಡಿಕೊಂಡು ಹಾಕುವುದು ಎಷ್ಟೋ ವಾಸಿ. ಸಹಿ ಹಾಕುವ ಫಾರಂ ಮುಂದಿಟ್ಟಾಗ ಕೈ ನಡುಗುತ್ತದೆ, ಆದರೂ ಅಲ್ಲಿ ಅರ್ಧ ದಿನ ಕಳೆಯಬೇಡಿ. ಜಿಬಿಎಸ್ ಬಂದ ಹತ್ತರಲ್ಲಿ ಎರಡು ಮೂರು ಜನ ವೆಂಟಿಲೇಟರ್ ಹಂತ ಮುಟ್ಟುತ್ತಾರೆ, ಅವರಲ್ಲಿ ಹೆಚ್ಚಿನವರು ಅದರಿಂದ ಹೊರಗೂ ಬರುತ್ತಾರೆ. ನಳಿಕೆ ಹಾಕುವಾಗ ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಬಳಸುವಂತಿಲ್ಲ, ಪೊಟ್ಯಾಸಿಯಂ ದಿಢೀರ್ ಏರಿ ಹೃದಯ ನಿಲ್ಲಬಹುದು. ಐಸಿಯು ವೈದ್ಯರಿಗೆ ಇದು ಗೊತ್ತೇ ಇರುತ್ತದೆ. ಸಣ್ಣ ಊರಿನಲ್ಲಿ ತುರ್ತಾಗಿ ಹಾಕುವ ಸಂದರ್ಭ ಬಂದರೆ "ಜಿಬಿಎಸ್ ಅನುಮಾನ ಇದೆ" ಅನ್ನುವ ನಾಲ್ಕು ಅಕ್ಷರ ಮೊದಲು ಹೇಳಿ.

ಇನ್ನು ಔಷಧ ಮತ್ತು ದುಡ್ಡು. ದಾರಿ ಎರಡೇ, ಎರಡರ ಫಲವೂ ಸಮ. ಒಂದು ಐವಿಐಜಿ, ಅಂದರೆ ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಇಮ್ಯುನೋಗ್ಲೋಬುಲಿನ್. ಇನ್ನೊಂದು ಪ್ಲಾಸ್ಮಾ ಬದಲಾವಣೆ: ಯಂತ್ರದಲ್ಲಿ ರಕ್ತ ಹಾಯಿಸಿ ಪ್ಲಾಸ್ಮಾ ತೆಗೆದು ಆಲ್ಬುಮಿನ್ ತುಂಬುವುದು, ಸಾಮಾನ್ಯವಾಗಿ ಎರಡು ವಾರದಲ್ಲಿ ಐದು ಸಲ. ಒಂದರ ಮೇಲೆ ಇನ್ನೊಂದು ಮಾಡಿದರೆ ಹೆಚ್ಚಿನ ಲಾಭವಿಲ್ಲ. ಸ್ಟೀರಾಯ್ಡ್ ಇಲ್ಲಿ ಕೆಲಸ ಮಾಡುವುದಿಲ್ಲ. ಐವಿಐಜಿಯ ಎರಡನೇ ಸುತ್ತಿನಿಂದಲೂ ಲಾಭವಿಲ್ಲ ಅಂತ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ವಾರವಾದರೂ ಕೈ ಅಲುಗಲಿಲ್ಲ ಅಂತ ಮತ್ತೆ ಎರಡೂವರೆ ಲಕ್ಷ ಸುರಿಯುವ ಮೊದಲು ಇದನ್ನು ವೈದ್ಯರ ಹತ್ತಿರ ಮಾತಾಡಿ.

ಐವಿಐಜಿ ಲೆಕ್ಕ: ಕಿಲೋಗೆ ದಿನಕ್ಕೆ 0.4 ಗ್ರಾಂ, ಐದು ದಿನ. 62 ಕಿಲೋಗೆ ದಿನಕ್ಕೆ 24.8, ಅಂದರೆ 5 ಗ್ರಾಂನ ಐದು ಬಾಟಲಿ, ಒಟ್ಟು 25. ನಮಗೆ ಬಾಟಲಿಗೆ ₹9,800 ಬಿತ್ತು, ಒಟ್ಟು ₹2,45,000. ಕಂಪನಿಯಿಂದ ಕಂಪನಿಗೆ ಬೆಲೆ ಬೇರೆ, ಎಂಆರ್‌ಪಿಗೂ ಕೊಡುವ ಬೆಲೆಗೂ ಬಹಳ ಅಂತರ ಇರುತ್ತದೆ, ವಿಚಾರಿಸಿ. ಹೊರಗಿನಿಂದ ತಂದರೆ 2ರಿಂದ 8 ಡಿಗ್ರಿಯಲ್ಲಿ ತರಬೇಕು. ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದರೆ ಬಾಟಲಿ ದಂಡ. ಅಲುಗಾಡಿಸಿದರೆ ನೊರೆ ಬರುತ್ತದೆ. ಪ್ರತಿ ಬಾಟಲಿಯ ಬ್ಯಾಚ್ ಸ್ಟಿಕ್ಕರ್ ಕೇಸ್ ಶೀಟಿಗೆ ಅಂಟಿಸಿದ್ದಾರಾ ನೋಡಿ, ವಿಮೆಯವರು ಕೇಳುತ್ತಾರೆ. ಮೊದಲ ಅರ್ಧ ಗಂಟೆ ಗಂಟೆಗೆ 30 ಮಿಲಿಯಂತೆ ನಿಧಾನ ಬಿಟ್ಟು, ಆಮೇಲೆ ಏರಿಸಿದರು. ಎರಡನೇ ದಿನ ಜೋರು ತಲೆನೋವು ಬಂತು. ವೇಗ ತಗ್ಗಿಸಿ, ನೀರಿನಂಶ ಹೆಚ್ಚಿಸಿದ ಮೇಲೆ ಇಳಿಯಿತು. ಶುರು ಮಾಡುವ ಮೊದಲು ಕಿಡ್ನಿ ಪರೀಕ್ಷೆ ಆಗಿರಬೇಕು.

ವಿಮೆ ನಮಗೆ ಅನಿರೀಕ್ಷಿತ ಅಡ್ಡಿ ತಂದದ್ದು ಇಲ್ಲೇ. ಅಕ್ಕನ ಮಗನ ಕಂಪನಿ ಪಾಲಿಸಿಯಲ್ಲಿ ತಂದೆತಾಯಿಗೆ 5 ಲಕ್ಷ ಇತ್ತು. ನಗದುರಹಿತ ಅನುಮತಿಗೆ ಕಳಿಸಿದರೆ "ನರ ವಹನ ಪರೀಕ್ಷೆಯಲ್ಲಿ ಖಚಿತ ದೋಷ ಇಲ್ಲ, ಐವಿಐಜಿ ಯಾಕೆ?" ಅಂತ ಪ್ರಶ್ನೆ ಬಂತು. ಕಾರಣ ಸರಳ: ನರದಲ್ಲಿ ಸಂಕೇತ ಹರಿಯುವುದನ್ನು ಅಳೆಯುವ ಆ ಪರೀಕ್ಷೆ ಮೊದಲ ವಾರದಲ್ಲಿ ಎಷ್ಟೋ ಜನರಲ್ಲಿ ಸರಿಯಾಗೇ ಇರುತ್ತದೆ. ಬೆನ್ನುನೀರಿನಲ್ಲಿ (ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ) ಪ್ರೋಟೀನ್ ಏರಿ ಜೀವಕೋಶ ಏರದಿರುವುದು ಜಿಬಿಎಸ್‌ನ ಗುರುತು. ಅದೂ ಮೊದಲ ವಾರದಲ್ಲಿ ಕಾಣದೇ ಇರಬಹುದು. ಭಾವನಿಗೆ ಪ್ರೋಟೀನ್ 78, ಜೀವಕೋಶ 3 ಇತ್ತು, ಪುಣ್ಯ. ಅಕ್ಕನ ಮಗ "ಮಾವ, ಅನುಮತಿ ಬರೋವರೆಗೆ ಕಾಯೋಣವಾ?" ಅಂದ. ಕಾಯಲಿಲ್ಲ. ಮೊದಲ ದಿನದ ಐದು ಬಾಟಲಿ, ₹49,000, ನಗದು ಕೊಟ್ಟು ತಂದೆವು. ನರರೋಗ ತಜ್ಞರಿಂದ ಲೆಟರ್‌ಹೆಡ್ ಮೇಲೆ ಅರ್ಧ ಪುಟ ಬರೆಸಿ ಕಳಿಸಿದ ಮೇಲೆ ಅನುಮತಿ ಬಂತು. ಆ ಪತ್ರದಲ್ಲಿ ಇರಲೇಬೇಕಾದದ್ದು: ಶುರುವಾದ ದಿನಾಂಕ, ಸೋಲು ಏರಿದ ಬಗೆ, ಪ್ರತಿವರ್ತನೆ ಇಲ್ಲ ಅನ್ನುವುದು, ಬೆನ್ನುನೀರಿನ ವರದಿ, ಉಸಿರಿನ ಅಂಕಿಗಳು ಹೊತ್ತಿನ ಸಮೇತ, ದೇಹದ ತೂಕ, ಔಷಧದ ಲೆಕ್ಕ. ಇದನ್ನು ಮೊದಲ ಅರ್ಜಿಯ ಜೊತೆಗೇ ಕೊಟ್ಟುಬಿಡಿ. ನಗದುರಹಿತ ಕೋರಿಕೆಗೆ ಒಂದು ಗಂಟೆಯಲ್ಲಿ ತೀರ್ಮಾನ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ 2024ರ ಸುತ್ತೋಲೆ ಹೇಳುತ್ತದೆ, ಆದರೆ ಪ್ರಶ್ನೆ ಎತ್ತಿ ವಾಪಸ್ ಕಳಿಸಿದರೆ ಗಡಿಯಾರ ಮತ್ತೆ ಮೊದಲಿನಿಂದ.

ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಆಧಾರ್, ರೇಷನ್ ಕಾರ್ಡ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೈಯಲ್ಲಿರಲಿ, ಒಳಗೆ ಕಾಲಿಟ್ಟ ಕೂಡಲೇ ಆರೋಗ್ಯಮಿತ್ರರನ್ನು, ಅಂದರೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವವರನ್ನು, ಹುಡುಕಿ.

ನಳಿಕೆ ಹಾಕಿದ ಮೇಲಿನ ದಿನಗಳಲ್ಲಿ ಕಷ್ಟದ ಸಂಗತಿ, ರೋಗಿಗೆ ಪೂರ್ತಿ ಎಚ್ಚರ ಇರುತ್ತದೆ. ಮೆದುಳಿಗೆ ಏನೂ ಆಗಿರುವುದಿಲ್ಲ. ಕೇಳಿಸುತ್ತದೆ, ನೋವಾಗುತ್ತದೆ, ಹೇಳಲು ಆಗುವುದಿಲ್ಲ. ಭಾವನಿಗೆ ಉಳಿದದ್ದು ರೆಪ್ಪೆ ಮಾತ್ರ. ಅಕ್ಷರ ತೋರಿಸುತ್ತಾ ರೆಪ್ಪೆ ಬಡಿಸಿ ಪದ ಕಟ್ಟುವ ಹಲಗೆ ಮಾಡಲು ಹೋದೆವು. ಕನ್ನಡದಲ್ಲಿ ಇದು ಸುಲಭವಲ್ಲ: 49 ಅಕ್ಷರ, ಮೇಲೆ ಗುಣಿತ, ಅದರ ಮೇಲೆ ಒತ್ತು. "ಮಗ್ಗುಲು" ಅನ್ನುವ ಒಂದು ಪದಕ್ಕೆ ಆರು ನಿಮಿಷ ಹಿಡಿಯಿತು. ಕೊನೆಗೆ ಡ್ರಾಯಿಂಗ್ ಶೀಟಿನಲ್ಲಿ ನಾಲ್ಕು ಬಣ್ಣದ ಸಾಲು ಮಾಡಿದೆವು. ಕೆಂಪು ಸಾಲಿನಲ್ಲಿ ಕಫ ತೆಗೀರಿ, ಗಾಳಿ ಸಾಲದು, ನಳಿಕೆ ಎಳೀತಿದೆ. ಹಳದಿಯಲ್ಲಿ ಕಾಲು ನೋವು, ಮಗ್ಗುಲು ತಿರುಗಿಸಿ, ತುರಿಕೆ. ನೀಲಿಯಲ್ಲಿ ಬಿಸಿ, ಚಳಿ, ದೀಪ ಆರಿಸಿ. ಹಸಿರಿನಲ್ಲಿ ಮನೆಯವರ ಹೆಸರು, ತೋಟ, ದುಡ್ಡು. ಮೊದಲು ಬಣ್ಣ ಕೇಳುವುದು, ಆಮೇಲೆ ಸಾಲು. ಹೌದಿಗೆ ಒಂದು ಬಡಿತ, ಅಲ್ಲಕ್ಕೆ ಎರಡು. ಅಕ್ಷರ ಬೇಕೇ ಬೇಕಾದರೆ ಒತ್ತು, ದೀರ್ಘ ಬಿಟ್ಟು "ಮಗುಲು" ಅಂದರೂ ಸಾಕು ಅಂತ ಒಪ್ಪಂದ. ಹಸಿರು ಸಾಲಿನಲ್ಲಿ ಅವರು ಹೆಚ್ಚು ಕೇಳಿದ್ದು ದುಡ್ಡು.

ಐಸಿಯುನಲ್ಲಿ ಗಮನಿಸಬೇಕಾದ ಇನ್ನಷ್ಟು. ತನ್ನಷ್ಟಕ್ಕೆ ನಡೆಯುವ ನರಗಳೂ ಇಲ್ಲಿ ಹದ ತಪ್ಪುತ್ತವೆ. ಬಿಪಿ ಒಂದು ಗಂಟೆಯಲ್ಲಿ 190, ಮುಂದಿನ ಗಂಟೆಯಲ್ಲಿ 90. ಕಫ ಎಳೆಯುವಾಗ ನಾಡಿ 40ಕ್ಕೆ ಕುಸಿಯುತ್ತಿತ್ತು. ಹಾಗಾಗಿ ಏರಿದ ಬಿಪಿಗೆ ಅವಸರದ ಮಾತ್ರೆ ಕೊಡದೆ ಕಾದು ನೋಡುತ್ತಿದ್ದರು. ಒಂದು ಸಲಕ್ಕೆ ಸಕ್ಷನ್ 10-15 ಸೆಕೆಂಡಿಗಿಂತ ಹೆಚ್ಚು ಮಾಡಬಾರದು, ಅದಕ್ಕೆ ಮೊದಲು ಪೂರ್ತಿ ಆಕ್ಸಿಜನ್ ಕೊಡಬೇಕು. ತಲೆಯ ಕಡೆ 30 ಡಿಗ್ರಿ ಎತ್ತರ, ಎರಡು ಗಂಟೆಗೊಮ್ಮೆ ಮಗ್ಗುಲು, ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಸೂಜಿ, ಮುಚ್ಚದ ಕಣ್ಣಿಗೆ ಮುಲಾಮು. ರಾತ್ರಿಯ ನರನೋವು ಬಹಳ ಕೆಟ್ಟದ್ದು. ಅಲುಗದ ಕಾಲಿನಲ್ಲಿ ನೋವೇ ಅಂತ ಅನುಮಾನಿಸಬೇಡಿ.

12 ದಿನ ಕಳೆದರೂ ಬಾಯಿಯ ನಳಿಕೆ ತೆಗೆಯುವ ಲಕ್ಷಣ ಕಾಣಲಿಲ್ಲ. 17ನೇ ದಿನ ಟ್ರಾಕಿ ಮಾಡಿದರು, ಅಂದರೆ ಗಂಟಲಿನ ಮುಂಭಾಗದಲ್ಲಿ ತೂತು ಮಾಡಿ ನೇರ ಶ್ವಾಸನಾಳಕ್ಕೆ ಕೊಳವೆ. ಹೆದರಿಕೆಯ ಹೆಸರು, ನೆಮ್ಮದಿಯ ಕೆಲಸ. ಬಾಯಿ ಖಾಲಿಯಾಯಿತು, ಅಮಲಿನ ಔಷಧ ಇಳಿಯಿತು, ತುಟಿ ಓದಬಹುದಾಯಿತು. ಕೊಳವೆಯ ಸುತ್ತಲ ಬಲೂನಿನ ಒತ್ತಡ 20ರಿಂದ 30 ಸೆಂ.ಮೀ. ನೀರಿನೊಳಗೆ ಇರಬೇಕು, ಕಡಿಮೆಯಾದರೆ ಜೊಲ್ಲು ಇಳಿಯುತ್ತದೆ, ಹೆಚ್ಚಾದರೆ ಶ್ವಾಸನಾಳ ಹುಣ್ಣಾಗುತ್ತದೆ. ಬೆರಳಿನಲ್ಲಿ ಒತ್ತಿ ನೋಡುವವರಿದ್ದಾರೆ, ಅದು ಸಾಲದು, ಮಾಪಕ ಇಟ್ಟು ನೋಡಬೇಕು.

ಟ್ರಾಕಿ ಆಗಿ ಸ್ಥಿರವಾದ ರೋಗಿಯನ್ನು ಕಡಿಮೆ ಖರ್ಚಿನ ಕಡೆಗೆ ಸಾಗಿಸಬಹುದು ಅನ್ನುವುದು ನಮಗೆ ತಡವಾಗಿ ಹೊಳೆಯಿತು. 19 ದಿನದ ಖಾಸಗಿ ಬಿಲ್: ಐಸಿಯು ಮತ್ತು ವೆಂಟಿಲೇಟರ್ ₹4,56,000, ಐವಿಐಜಿ ₹2,45,000, ಟ್ರಾಕಿ ₹45,000, ಮಿಕ್ಕ ಔಷಧ ಪರೀಕ್ಷೆ ₹1,60,000. ಒಟ್ಟು ₹9,06,000. ವಿಮೆಯ 5 ಲಕ್ಷ ಕಳೆದು ಉಳಿದದ್ದಕ್ಕೆ ಅಕ್ಕನ ಬಳೆ, ಸರ ಬ್ಯಾಂಕಿಗೆ ಹೋದವು. 23ನೇ ದಿನ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಬದಲಾಯಿಸಿದೆವು. ಅಲ್ಲಿ 22 ದಿನಕ್ಕೆ ₹1,30,000. ಸಾಗಿಸುವಾಗ ವೆಂಟಿಲೇಟರಿನ ಸೆಟ್ಟಿಂಗ್, ಟ್ರಾಕಿ ಕೊಳವೆಯ ಅಳತೆ ಮತ್ತು ಹಾಕಿದ ದಿನಾಂಕ, ಐವಿಐಜಿ ಮುಗಿದ ದಿನಾಂಕ, ಕೊನೆಯ ಕಲ್ಚರ್ ವರದಿ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ.

ವೆಂಟಿಲೇಟರ್ ಬಿಡಿಸುವುದು ಹಾಕಿದ ಹಾಗೆ ಒಂದೇ ಮಧ್ಯಾಹ್ನದ ಕೆಲಸವಲ್ಲ. 26ನೇ ದಿನ ಭಾವ ಹೆಗಲು ಕೊಡವಿದರು. 28ಕ್ಕೆ ಯಂತ್ರ ಬಿಡಿಸಿ 30 ನಿಮಿಷ. ಮಾರನೇ ದಿನ ಎರಡು ಗಂಟೆ, ಆಮೇಲೆ ನಾಲ್ಕು. ಉಸಿರು ನಿಮಿಷಕ್ಕೆ 35 ದಾಟಿದರೆ, ಬೆವರಿದರೆ ವಾಪಸ್ ಯಂತ್ರಕ್ಕೆ. ಹಟ ಮಾಡಿ ದಣಿಸಿದರೆ ಮರುದಿನ ಪೂರ್ತಿ ಹಿಂದೆ ಹೋಗುತ್ತಾರೆ. 33ಕ್ಕೆ ಹಗಲೆಲ್ಲ ಸ್ವಂತ ಉಸಿರು. ರಾತ್ರಿ ಮಾತ್ರ ಯಂತ್ರ ಮತ್ತೆ ಐದು ದಿನ ಬೇಕಾಯಿತು. ಕನಸು ಬೀಳುವ ಹಂತದ ನಿದ್ದೆಯಲ್ಲಿ ಪಕ್ಕೆ, ಕತ್ತಿನ ಸ್ನಾಯುಗಳೆಲ್ಲ ಸಡಿಲಾಗಿ ವಪೆಯೊಂದೇ ದುಡಿಯಬೇಕು, ಅದಕ್ಕೇ ರಾತ್ರಿ ಕೊನೆಗೆ.

ಮಾತಾಡಿಸುವ ಕವಾಟ, ಸ್ಪೀಕಿಂಗ್ ವಾಲ್ವ್, ಹಾಕುವಾಗ ಒಂದು ಜೀವದ ಪ್ರಶ್ನೆ ಇದೆ. ಅದು ಗಾಳಿಯನ್ನು ಒಳಗೆ ಮಾತ್ರ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಕೊಳವೆಯ ಬಲೂನಿನ ಗಾಳಿ ಪೂರ್ತಿ ತೆಗೆದ ಮೇಲೆಯೇ ಹಾಕಬೇಕು. ಬಲೂನ್ ಉಬ್ಬಿರುವಾಗ ಹಾಕಿದರೆ ಉಸಿರು ಹೊರಬರಲು ದಾರಿಯೇ ಇರುವುದಿಲ್ಲ. ಪಾಳಿ ಬದಲಾದಾಗಲೆಲ್ಲ "ಸಿಸ್ಟರ್, ಬಲೂನ್ ಇಳಿಸಿದ್ದೀರಾ?" ಅಂತ ಕೇಳಿ, ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಕವಾಟ ಹಾಕಿದ ಮೊದಲ ದಿನ ಎಣಿಕೆ 6. ಕೊಳವೆ ತೆಗೆದದ್ದು 41ಕ್ಕೆ, ಕೆಮ್ಮು ಗಟ್ಟಿಯಾಗಿ ಕಫ ತಾನೇ ಉಗುಳಲು ಬಂದ ಮೇಲೆ. ಎಣಿಕೆ ಅಂದು 14. ತೂತು ಮುಚ್ಚುವವರೆಗೆ ಕೆಮ್ಮುವಾಗ, ಮಾತಾಡುವಾಗ ಬ್ಯಾಂಡೇಜಿನ ಮೇಲೆ ಎರಡು ಬೆರಳು ಒತ್ತಿ ಹಿಡಿಯಬೇಕು.

ಬೇರೆ ನರರೋಗದವರು ಇದನ್ನು ಓದುತ್ತಿದ್ದರೆ: ನಿಮ್ಮ ದಾರಿ ಬೇರೆ, ಅಳತೆ ಅದೇ. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಸೋಲು ತಿಂಗಳುಗಟ್ಟಲೆ, ಸದ್ದಿಲ್ಲದೆ ಬರುತ್ತದೆ. ಬೆಳಿಗ್ಗೆ ತಲೆನೋವು, ಹಗಲಲ್ಲಿ ತೂಕಡಿಕೆ, ದಿಂಬಿನ ಮೇಲೆ ದಿಂಬು ಏರುವುದು ಇಂಗಾಲ ತುಂಬುತ್ತಿರುವುದರ ಗುರುತು. ಅಲ್ಲಿ ರಾತ್ರಿ ಬೈಪ್ಯಾಪ್ ನಿಜಕ್ಕೂ ಉಪಕಾರಿ. ಬೈಪ್ಯಾಪ್ ಇಲ್ಲದೆ ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಮಾತ್ರ ಇಟ್ಟರೆ ಅಪಾಯ. ಕೆಮ್ಮಿನ ವೇಗ ನಿಮಿಷಕ್ಕೆ 270 ಲೀಟರಿಗಿಂತ ಇಳಿದರೆ ಅಂಬು ಬ್ಯಾಗಿನಿಂದ ಉಸಿರಿನ ಮೇಲೆ ಉಸಿರು ಪೇರಿಸಿ ಕೆಮ್ಮುವುದನ್ನು ಕಲಿಯಿರಿ. ನರದ ಆಜ್ಞೆ ಸ್ನಾಯುವಿಗೆ ಸರಿಯಾಗಿ ದಾಟದ ಮಯಸ್ತೀನಿಯಾ ಕಾಯಿಲೆಯವರಿಗೆ ಕೆಲವು ಆ್ಯಂಟಿಬಯೋಟಿಕ್ ಮತ್ತು ಮೆಗ್ನೀಸಿಯಂ ಇಂಜೆಕ್ಷನ್ ಉಸಿರನ್ನೇ ಸೋಲಿಸಬಹುದು, ಜ್ವರಕ್ಕೆ ಹೋದಾಗಲೂ ಕಾಯಿಲೆಯ ಹೆಸರು ಹೇಳಿ. ಕತ್ತಿನ ಮಟ್ಟದಲ್ಲಿ ಬೆನ್ನುಹುರಿ ತುಂಡಾದವರ ವಿಷಯ ತಿರುಗುಮುರುಗು: ಅವರಿಗೆ ಕೂತಾಗಿನದಕ್ಕಿಂತ ಮಲಗಿದಾಗಲೇ ಉಸಿರು ಸರಾಗ, ಯಾಕೆಂದರೆ ಹೊಟ್ಟೆಯ ಗೋಡೆ ಸಡಿಲವಾಗಿ ಕೂತಾಗ ವಪೆ ಕೆಳಕ್ಕೆ ಜೋತುಬೀಳುತ್ತದೆ.

ಈ ಯಂತ್ರಗಳ ಹಿಂದೆ ಇರುವುದೂ ಒಂದು ನರದ ಕಾಯಿಲೆಯೇ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ ಉಸಿರು ಸೋತವರಿಗೆ ಯಂತ್ರ ಸಾಲದಾದಾಗ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಗಂಟಲಿಗೆ ತೂತು ಮಾಡಿಸಿ ರಬ್ಬರ್ ಚೀಲದಿಂದ ಗಾಳಿ ಒತ್ತಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ವಾರಗಟ್ಟಲೆ ಚೀಲ ಹಿಂಡಿದರು. ಟ್ರಾಕಿ ಕೊಳವೆಗೆ ಅಂಬು ಬ್ಯಾಗ್ ಸಿಕ್ಕಿಸುವುದನ್ನು ಕಂಡಾಗಲೆಲ್ಲ ಅದೇ ನೆನಪಾಗುತ್ತಿತ್ತು.

ಮನೆಗೆ ತಂದದ್ದು: ಪಾದ ಜೋಲದಂತೆ ಎರಡು ಸ್ಪ್ಲಿಂಟ್, ಕಮೋಡ್ ಕುರ್ಚಿ, ವಾಕರ್. ಬೆಳಿಗ್ಗೆ ಸಂಜೆ ಫಿಸಿಯೊ, ಆದರೆ ದಣಿಯುವ ಮೊದಲೇ ನಿಲ್ಲಿಸಬೇಕು. ನರದ ಹೊರಕವಚ ಮಾತ್ರ ಸವೆದಿದ್ದರೆ ವಾರ, ತಿಂಗಳಲ್ಲಿ ಕೂಡುತ್ತದೆ. ಒಳಗಿನ ತಂತಿಯೇ ಕೆಟ್ಟಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯಬೇಕು, ಪಾದ ಮುಟ್ಟಲು ವರ್ಷವೇ ಆಗಬಹುದು. ಮತ್ತೆ ಜೋಮು ಏರಿದರೆ, ನುಂಗುವುದು ಕೆಟ್ಟರೆ ಅದೇ ದಿನ ವಾಪಸ್ ಬನ್ನಿ ಅಂತ ಡಿಸ್ಚಾರ್ಜ್ ಹಾಳೆಯಲ್ಲಿ ಬರೆಸಿಕೊಂಡಿದ್ದೇವೆ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಕ್ಕ ಈಗ ಹಾಲಿನ ಲೆಕ್ಕದ ಕೆಳಗೆ ಇನ್ನೊಂದು ಅಂಕಿ ಬರೆಯುತ್ತಾಳೆ. ಮನೆಗೆ ಬಂದ ದಿನ 21. ನಿನ್ನೆ 26, ಕನ್ನಡದಲ್ಲಿ.